ಮಗ್ಗಕ್ಕೆ ರಾತ್ರಿಯಿಲ್ಲ, ಮನುಷ್ಯನಿಗೆ ಬೇಕು

ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗ ಹಾಕಿದ್ದು 1904ರಲ್ಲಿ. ಇಂದು ಅಲ್ಲಿಯ ಶೆಡ್ಡುಗಳಲ್ಲಿ ಟ್ಯೂಬ್‌ಲೈಟು ಆರುವುದೇ ಇಲ್ಲ. ಹಲವೆಡೆ ಹನ್ನೆರಡು ತಾಸಿನ ಎರಡು ಪಾಳಿ, ವಾರಕ್ಕೊಮ್ಮೆ ಅದಲುಬದಲು. ದುಡಿಯುವವರಲ್ಲಿ ನಮ್ಮ ಕನ್ನಡದ ಮಂದಿಯೂ ಇದ್ದಾರೆ. ‘ರಾತ್ರಿ ಪಾಳಿ ಏನ್ ಹೊಸದ್ರಿ, ರೂಢಿ ಆಗ್ತೈತಿ’ ಎನ್ನುವವರೇ ಬಹಳ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಕಣ್ಣು ಬರೀ ನೋಡುವುದಕ್ಕಲ್ಲ. ಅದರೊಳಗಿನ ಕೆಲವು ಜೀವಕೋಶಗಳು ಬೆಳಕನ್ನು ಅಳೆದು ಮೆದುಳಿನ ಗಡಿಯಾರಕ್ಕೆ ವೇಳೆ ತಿಳಿಸುತ್ತವೆ ಎಂಬುದು 2002ರಲ್ಲಿ ಖಚಿತವಾಯಿತು. ರಾತ್ರಿ ನೀಲಿ ಛಾಯೆಯ ಬಿಳಿ ಬೆಳಕು ಬಿದ್ದರೆ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಇಳಿಯುತ್ತದೆ. ಈ ಗಡಿಯಾರದ ಗುಟ್ಟು ಬಿಡಿಸಿದ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಗಡಿಯಾರ ದಿನಕ್ಕೆ ಹೆಚ್ಚೂಕಡಿಮೆ ಒಂದು ತಾಸಷ್ಟೇ ಸರಿಯುತ್ತದೆ. ಹನ್ನೆರಡು ತಾಸು ತಿರುವಿ, ವಾರ ತುಂಬುತ್ತಲೇ ಮತ್ತೆ ತಿರುವಿದರೆ ರೂಢಿಯಾಗುವುದು ಹೆಂಗ್ರಿ? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಪುನಃ 2019ರಲ್ಲಿ, ರಾತ್ರಿ ಪಾಳಿಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಪಟ್ಟಿಯಲ್ಲಿಟ್ಟಿದೆ. ಸಕ್ಕರೆ ಕಾಯಿಲೆಯ ಸಂಭವವೂ ಹೆಚ್ಚು.

ಹಾಗೆಂದು ಶೆಡ್ಡಿನ ದೀಪ ಕಡಿಮೆ ಮಾಡಿರಿ ಎಂದರೆ ಹುಚ್ಚುತನವಾದೀತು. ಕಡಿದ ಎಳೆ ಕಾಣಬೇಕು, ಕೈಬೆರಳು ಉಳಿಯಬೇಕು. 1948ರ ಕಾರ್ಖಾನೆ ಕಾಯ್ದೆಯೂ ಸಾಕಷ್ಟು ಬೆಳಕು ಇರಬೇಕೆಂದಿತ್ತು, ಕಣ್ಣಿಗೆ ಆಯಾಸವಾಗಬಾರದೆಂದಿತ್ತು. ಆದರೆ ಕಣ್ಣಿನ ಕಾಳಜಿಯಷ್ಟೇ ಸಾಲದು, ನಿದ್ದೆಯ ಕಾಳಜಿಯೂ ಬೇಕು.

ಮೊದಲು ವಾರದ ಅದಲುಬದಲು ನಿಲ್ಲಲಿ. ಎಂಟು ತಾಸಿನ ಪಾಳಿ ಬರಲಿ. ಮೀಟರ್ ಲೆಕ್ಕದ ಮಜೂರಿಯಲ್ಲಿ ತಾಸು ಇಳಿದರೆ ಹೊಟ್ಟೆಗೆ ಪೆಟ್ಟು; ಆದ್ದರಿಂದ ದರವೂ ಏರಬೇಕು. ಹಗಲು ಮಲಗುವವರ ಕೋಣೆಯ ಕಿಡಕಿಗೆ ದಪ್ಪ ಪರದೆ ಬೇಕು. ಮನೆಮಂದಿ, ನೆರೆಹೊರೆಯವರು ಗದ್ದಲ ಮಾಡಬಾರದು.

ಇದು ನೇಕಾರರದಷ್ಟೇ ಪಾಡಲ್ಲ. ಕೊಲ್ಲಾಪುರದ ಅಂಗಡಿ-ಕಚೇರಿಗಳಲ್ಲಿ ಇಡೀ ಹಗಲು ಬಿಸಿಲು ಕಾಣದೆ ಕೂಡ್ರುವವರಿಗೂ, ಗಡಹಿಂಗ್ಲಜದಲ್ಲಿ ಬಿಳಿ ಎಲ್‌ಇಡಿ ಕೆಳಗೆ ಸರಿರಾತ್ರಿತನಕ ಓದುವ ಮಕ್ಕಳಿಗೂ ಇದೇ ಮಾತು. ಗಡಿಯಾರಕ್ಕೆ ತಟ್ಟುವ ಬೆಳಕು ಹಗಲಿಗೆ ಕನಿಷ್ಠ 250 ಲಕ್ಸ್, ಮಲಗುವ ಮುಂಚಿನ ಮೂರು ತಾಸು ಹೆಚ್ಚೆಂದರೆ 10 ಲಕ್ಸ್ ಇರಲಿ ಎಂದು 2022ರಲ್ಲಿ ತಜ್ಞರು ಹೇಳಿದ್ದಾರೆ. ಅಂದರೆ ಹಗಲು ಹೊರಗೆ ಬರ್ರಿ. ಸಂಜೆ ಮನೆಯಲ್ಲಿ ಹಳದಿ ಬಣ್ಣದ ಸಣ್ಣ ಬಲ್ಬು ಸಾಕು.

ಬಲ್ಬು ಬದಲಿಸುವುದು ನಮ್ಮ ಕೈಯಲ್ಲಿದೆ, ಪಾಳಿ ಬದಲಿಸುವುದು ಇಲ್ಲ. ಮುಂದಿನ ಮಜೂರಿ ಮಾತುಕತೆಯಲ್ಲಿ ಯೂನಿಯನ್‌ನವರೂ ಮಾಲೀಕರೂ ನಿದ್ದೆಯ ವಿಷಯ ಎತ್ತಲಿ ಎಂಬುದು ನನ್ನ ಕಳಕಳಿಯ ಕೋರಿಕೆ.