ನಿವೃತ್ತರ ಹಣ ಮತ್ತು ಐಷಾರಾಮಿ ಚಿತ್ರಮಂದಿರ: ನಷ್ಟ ಯಾರ ಹೆಗಲಿಗೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವವರಿಗೆ ಅವಸರವಿಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತಾರೆ. ಒಳಗಿನ ನೀರು ಇಂಗಿ, ಅಲುಗಾಡಿಸಿದಾಗ ಕೊಬ್ಬರಿ ಸದ್ದು ಮಾಡಿದ ಮೇಲೆಯೇ ಸುಲಿಯುತ್ತಾರೆ. ಪಿಂಚಣಿ ನಿಧಿಯೂ ಇಂಥದೇ ಒಂದು ಅಟ್ಟ. ದುಡಿಯುವ ಕಾಲದಲ್ಲಿ ಏರಿಸಿಟ್ಟದ್ದನ್ನು ದುಡಿಯಲಾಗದ ಕಾಲದಲ್ಲಿ ಇಳಿಸಿಕೊಳ್ಳುತ್ತೇವೆ. ಆ ಅಟ್ಟದ ಕೀಲಿಕೈ ಮಾತ್ರ ನಮ್ಮ ಕೈಯಲ್ಲಿಲ್ಲ.

ಕೀಲಿಕೈ ಹಿಡಿದವರು ಆ ಹಣವನ್ನು ನಷ್ಟದಲ್ಲಿರುವ ಐಷಾರಾಮಿ ಚಿತ್ರಮಂದಿರಗಳಿಗೆ ಹಾಕಬಹುದೇ? ಇದು ಕಲ್ಪನೆಯ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಹಾಗೆಯೇ ನಡೆದಿದೆ.

ಅಲಬಾಮಾ ರಾಜ್ಯದ ಶಿಕ್ಷಕರ ಮತ್ತು ಸರಕಾರಿ ನೌಕರರ ಪಿಂಚಣಿ ನಿಧಿಗಳು ಫ್ಲಾರಿಡಾದ 'ಐಪಿಕ್' ಎಂಬ ಚಿತ್ರಮಂದಿರ ಸಂಸ್ಥೆಗೆ ಹಣ ಕೊಟ್ಟವು. ಒರಗಿ ಮಲಗಬಹುದಾದ ಕುರ್ಚಿ, ಕುಳಿತಲ್ಲಿಗೇ ಬರುವ ಊಟ ಮತ್ತು ಪಾನೀಯ ಇದರ ವಿಶೇಷ. 2018ರಲ್ಲಿ ಸಂಸ್ಥೆ ಷೇರುಪೇಟೆಗೆ ಬಂತು. 2019ರ ಆಗಸ್ಟ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ಆಗ ಪಿಂಚಣಿ ನಿಧಿಗಳಿಗೆ ಬರಬೇಕಾಗಿದ್ದ ಸಾಲ 20 ಕೋಟಿ ಡಾಲರಿಗೂ ಮಿಕ್ಕಿತ್ತು. ಸಾಮಾನ್ಯ ಚಿತ್ರಮಂದಿರಗಳೂ ಒರಗು ಕುರ್ಚಿ ಹಾಕಿಸಿಕೊಂಡದ್ದರಿಂದ ಐಪಿಕ್‌ನ ವಿಶೇಷ ಉಳಿಯಲಿಲ್ಲ. ಕೊನೆಗೆ ನಿಧಿಗಳೇ ತಮ್ಮ ಸಾಲಕ್ಕೆ ವಜಾ ಹಾಕಿಕೊಂಡು ಸಂಸ್ಥೆಯನ್ನು ವಶಕ್ಕೆ ತೆಗೆದುಕೊಂಡವು. ಕೆಲವೇ ತಿಂಗಳಲ್ಲಿ, 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದು ಚಿತ್ರಮಂದಿರಗಳೆಲ್ಲ ಬಾಗಿಲು ಹಾಕಿದವು.

ಕೆನಡಾದ ಅನುಭವವೂ ಸಿಹಿಯಲ್ಲ. ಒಂಟಾರಿಯೊದ ಪೌರ ನೌಕರರ ನಿಧಿ 'ಒಮರ್ಸ್' ಮತ್ತು ಆಲ್ಬರ್ಟಾದ ಹೂಡಿಕೆ ಸಂಸ್ಥೆ 'ಐಮ್ಕೊ' ಸೇರಿ 2013ರಲ್ಲಿ ಬ್ರಿಟನ್ನಿನ 'ವ್ಯೂ' ಚಿತ್ರಮಂದಿರ ಜಾಲವನ್ನು ಸುಮಾರು 93.5 ಕೋಟಿ ಪೌಂಡ್‌ಗಳಿಗೆ ಕೊಂಡವು. 2022ರಲ್ಲಿ ಸಾಲದ ಭಾರ ತಾಳಲಾಗದೆ ವ್ಯೂ ಮಾಡಿಕೊಂಡ ಒಪ್ಪಂದದಲ್ಲಿ ಮಾಲಕತ್ವ ಸಾಲ ಕೊಟ್ಟವರ ಪಾಲಾಯಿತು. ಪಿಂಚಣಿ ಹಣದಿಂದ ಕೊಂಡ ಷೇರು ಕೈಬಿಟ್ಟುಹೋಯಿತು.

ತುರುವೇಕೆರೆಯ ಒಬ್ಬ ಸರಕಾರಿ ಶಾಲಾ ಶಿಕ್ಷಕಿಗೆ ಇದರಿಂದ ಏನಾಗಬೇಕು ಎಂದು ನೀವು ಕೇಳಬಹುದು. ಆಗಬೇಕಾದ್ದು ಬಹಳಷ್ಟಿದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ಬಳಿಕ ಸೇವೆಗೆ ಸೇರಿದ ಸರಕಾರಿ ನೌಕರರಲ್ಲಿ ಬಹುತೇಕರು ಹೊಸ ಪಿಂಚಣಿ ವ್ಯವಸ್ಥೆಯಲ್ಲಿದ್ದಾರೆ. ಮೂಲ ವೇತನ ಮತ್ತು ತುಟ್ಟಿಭತ್ಯದ ಶೇ. 10ನ್ನು ಅವರು ಕೊಡುತ್ತಾರೆ, ಶೇ. 14ನ್ನು ಸರಕಾರ ಸೇರಿಸುತ್ತದೆ. ಅಲಬಾಮಾದ ಶಿಕ್ಷಕರಿಗೆ ಪಿಂಚಣಿಯ ಮೊತ್ತ ಸೂತ್ರದಿಂದ ನಿಗದಿಯಾಗಿದೆ, ನಿಧಿಗೆ ಕೊರತೆ ಬಿದ್ದರೆ ತುಂಬಿಕೊಡಬೇಕಾದ್ದು ಸರಕಾರ, ಅಂದರೆ ತೆರಿಗೆದಾರ. ನಮ್ಮ ಶಿಕ್ಷಕಿಗೆ ಆ ಆಸರೆಯಿಲ್ಲ. ಆಕೆಯ ಖಾತೆಯಲ್ಲಿ ಉಳಿದಷ್ಟೇ ಆಕೆಯ ಮುಪ್ಪಿನ ಅನ್ನ. ಆದ್ದರಿಂದ ಅಲಬಾಮಾದಲ್ಲಿ ನಡೆದ ತಪ್ಪು ಇಲ್ಲಿ ನಡೆದರೆ ಪೆಟ್ಟು ನೇರವಾಗಿ ಆಕೆಗೇ ಬೀಳುತ್ತದೆ.

ಸದ್ಯ ಅಂಥ ಭಯ ದೂರವಿದೆ ಎಂದು ಒಪ್ಪಿಕೊಳ್ಳೋಣ. ಭವಿಷ್ಯನಿಧಿ ಸಂಸ್ಥೆ 2015ರ ಆಗಸ್ಟ್‌ನಲ್ಲಿ ಷೇರುಪೇಟೆಗೆ ಕಾಲಿಟ್ಟಾಗ ಹೊಸ ಹಣದ ಶೇ. 5ನ್ನು ಮಾತ್ರ, ಅದೂ ಸೂಚ್ಯಂಕ ನಿಧಿಗಳ ಮೂಲಕ ತೊಡಗಿಸಿತು. 2017ರಲ್ಲಿ ಆ ಮಿತಿ ಶೇ. 15ಕ್ಕೆ ಏರಿತು. ಒಂದೊಂದೇ ಕಂಪೆನಿಯನ್ನು ಆರಿಸಿ ಕೊಳ್ಳುವ ಪದ್ಧತಿ ಅದಲ್ಲ. ಆದರೂ ಬೇಲಿ ಇದ್ದ ಮಾತ್ರಕ್ಕೆ ಹೊಲ ಉಳಿಯುವುದಿಲ್ಲ. ಉತ್ತರ ಪ್ರದೇಶದ ವಿದ್ಯುತ್ ನೌಕರರ ಭವಿಷ್ಯನಿಧಿಯ ಹಣ ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪೆನಿಗೆ ಹೋಗಿ, 2,200 ಕೋಟಿ ರೂಪಾಯಿಗೂ ಹೆಚ್ಚು ಅಲ್ಲೇ ಸಿಕ್ಕಿಕೊಂಡದ್ದು 2019ರಲ್ಲಿ ಬಯಲಾಯಿತು. ಹೆಚ್ಚು ಬಡ್ಡಿಯ ಆಸೆಗೆ ಬೇಲಿ ಹಾರಿದವರು ಹೊರಗಿನವರಲ್ಲ, ಕಾಯಬೇಕಾದವರೇ.

ಈಗ ಚಿತ್ರಮಂದಿರಗಳ ಸ್ಥಿತಿಯನ್ನು ನೋಡೋಣ. ಪಿವಿಆರ್ ಮತ್ತು ಐನಾಕ್ಸ್ 2023ರ ಫೆಬ್ರವರಿಯಲ್ಲಿ ಒಂದಾದವು. 2022-23ರಲ್ಲಿ ಕಂಪೆನಿಗೆ 300 ಕೋಟಿ ರೂಪಾಯಿಗೂ ಮಿಕ್ಕಿ ನಷ್ಟವಾಯಿತು. ಸುಮಾರು 50 ಪರದೆಗಳನ್ನು ಮುಚ್ಚುವುದಾಗಿ 2023ರ ಮೇ ತಿಂಗಳಲ್ಲಿ ಅದೇ ಹೇಳಿತು. 2024-25ರಲ್ಲಿಯೂ ನಷ್ಟವೇ. ಇದೇ ಕಾಲದಲ್ಲಿ ಐಷಾರಾಮದ ಕಡೆಗಿನ ನಡಿಗೆಯೂ ಮುಂದುವರಿಯಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಹಳೆಯ ರೆಕ್ಸ್ ಚಿತ್ರಮಂದಿರ 2018ರ ಕೊನೆಗೆ ಮುಚ್ಚಿತು. ಅದೇ ಜಾಗದಲ್ಲಿ ಬಂದದ್ದು 'ಡೈರೆಕ್ಟರ್ಸ್ ಕಟ್' ಎಂಬ ದುಬಾರಿ ಚಿತ್ರಮಂದಿರ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ ಟಿಕೆಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿದಾಗಲೂ 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ವಿಶೇಷ ಸೌಲಭ್ಯದ ಪರದೆಗಳಿಗೆ ವಿನಾಯಿತಿ ಕೊಟ್ಟಿತ್ತು. ಅದೇ ತಿಂಗಳು ಹೈಕೋರ್ಟ್ ಆ ನಿಯಮಕ್ಕೆ ತಡೆ ನೀಡಿತು.

ಹೂಡಿಕೆಯ ಪರವಾದ ವಾದದಲ್ಲಿಯೂ ಹುರುಳಿದೆ. ಬೆಲೆ ಬಿದ್ದಾಗ ಕೊಂಡರೆ ಏರಿದಾಗ ಲಾಭ. ಪಿಂಚಣಿ ನಿಧಿಗೆ 20-30 ವರ್ಷ ಕಾಯುವ ಶಕ್ತಿಯಿದೆ. ನೂರಾರು ಮಂದಿಯ ಕೆಲಸವೂ ಉಳಿಯುತ್ತದೆ. ಕೊಬ್ಬರಿಯನ್ನೇ ನೋಡಿ ಎನ್ನಬಹುದು. 2023ರಲ್ಲಿ ಕ್ವಿಂಟಾಲಿಗೆ 11,750 ರೂ. ಬೆಂಬಲ ಬೆಲೆಯಿದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದಿತ್ತು. 2025ರಲ್ಲಿ 20,000 ರೂ. ದಾಟಿತು. ಕಾದವರು ಗೆದ್ದರಲ್ಲವೇ?

ಆದರೆ ಗೆದ್ದವರು ಯಾರು? ಸಾಲವಿಲ್ಲದೆ ತೋಟ ಉಳಿಸಿಕೊಂಡವರು. ಬಡ್ಡಿ ಕಟ್ಟಬೇಕಾದವರು 2023ರಲ್ಲೇ ಸಿಕ್ಕಿದ ಬೆಲೆಗೆ ಮಾರಿ ಕೈತೊಳೆದುಕೊಂಡರು. ಐಷಾರಾಮಿ ಚಿತ್ರಮಂದಿರ ಈ ಎರಡನೆಯವರ ಸಾಲಿಗೆ ಸೇರಿದೆ. ಕಾಯುವ ಶಕ್ತಿ ನಿಧಿಗಿರಬಹುದು, ಚಿತ್ರಮಂದಿರಕ್ಕಿಲ್ಲ. ಖಾಲಿ ಕುರ್ಚಿಗೂ ಬಾಡಿಗೆ ಇದೆ, ವಿದ್ಯುತ್ ಬಿಲ್ ಇದೆ, ಸಾಲದ ಕಂತು ಇದೆ. ಒಮ್ಮೆ ಸಾಲ ಕೊಟ್ಟ ನಿಧಿ, ಕೊಟ್ಟದ್ದು ಮುಳುಗಬಾರದೆಂದು ಮತ್ತಷ್ಟು ಕೊಡುವ ಒತ್ತಡಕ್ಕೆ ಬೀಳುತ್ತದೆ. ಕೊನೆಗೆ ಪಿಂಚಣಿ ಹಂಚಬೇಕಾದ ಸಂಸ್ಥೆ ಟಿಕೆಟ್ ಮಾರಲು ಕೂರುತ್ತದೆ.

ಹಾಗಾಗಿ ಉತ್ತರ ಇಷ್ಟು: ನೂರಾರು ಕಂಪೆನಿಗಳ ನಡುವೆ ಒಂದು ಚಿತ್ರಮಂದಿರದ ಸಣ್ಣ ಪಾಲು ನಿಧಿಯಲ್ಲಿದ್ದರೆ ಆಕ್ಷೇಪವಿಲ್ಲ. ಅದು ಮುಳುಗಿದರೂ ಯಾರ ಊಟವೂ ತಪ್ಪದು. ಆದರೆ ನಷ್ಟದಲ್ಲಿರುವ ಒಂದು ಐಷಾರಾಮಿ ಸಂಸ್ಥೆಗೆ ನಿಧಿಯೇ ದೊಡ್ಡ ಸಾಲದಾತನೋ ಮಾಲಕನೋ ಆಗುವುದು ಸಲ್ಲದು. ಕೆಲಸ ಕಳೆದುಕೊಳ್ಳುವವರ ಬಗ್ಗೆ ಕನಿಕರವಿರಬೇಕು, ಅವರಿಗೆ ನೆರವಾಗುವುದು ಸರಕಾರದ ಮತ್ತು ಸಮಾಜದ ಹೊಣೆ. ಆ ಹೊಣೆಯನ್ನು ಶಿಕ್ಷಕಿಯ ಮುಪ್ಪಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಪಿಂಚಣಿದಾರರೂ ಕೈಕಟ್ಟಿ ಕೂರಬಾರದು. ನಿಮ್ಮ ಹಣವನ್ನು ಯಾವ ಸಂಸ್ಥೆ ನಿರ್ವಹಿಸುತ್ತಿದೆ, ಅದು ಎಲ್ಲೆಲ್ಲಿ ತೊಡಗಿದೆ ಎಂಬ ವಿವರವನ್ನು ವರ್ಷಕ್ಕೊಮ್ಮೆಯಾದರೂ ನೋಡಿ. ಅರ್ಥವಾಗದಿದ್ದರೆ ಕೇಳಿ. ನೌಕರರ ಸಂಘಗಳ ಸಭೆಗಳಲ್ಲಿ ವೇತನದ ಜೊತೆಗೆ ಈ ಪ್ರಶ್ನೆಯೂ ಏಳಲಿ. ತಿಪಟೂರಿನ ಬೆಳೆಗಾರ ಅಟ್ಟಕ್ಕೆ ಕಾಯಿ ಹಾಕಿ ಮರೆತುಬಿಡುವುದಿಲ್ಲ. ಇಲಿ ಬಂತೋ, ಸೂರು ಸೋರಿತೋ ಎಂದು ಆಗಾಗ ಏಣಿ ಹತ್ತಿ ನೋಡುತ್ತಾನೆ. ಮೂವತ್ತು ವರ್ಷದ ದುಡಿಮೆಯನ್ನು ಏರಿಸಿಟ್ಟವರು ಅಷ್ಟಾದರೂ ಮಾಡಬೇಡವೇ?