ಇಂಗ್ಲಿಷ್ ಸಾಹಿತ್ಯದ ಓದಿಗೆ ಮನೆಯಲ್ಲೇ ಇರುವ ಪರಿಭಾಷೆ

ವಿದ್ಯೆಯು ಗುರುಮುಖದಿಂದ ಬರಬೇಕೆಂಬುದು ಹಿರಿಯರ ಮಾತು. ಗುರುವಿನ ಮಾತು ಶಿಷ್ಯನಲ್ಲಿ ನೆಲೆಗೊಳ್ಳಬೇಕಾದರೆ ಅವನಲ್ಲಿ ಮೊದಲೇ ಒಂದಿಷ್ಟು ನೆಲ ಹದವಾಗಿರಬೇಕು. ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಹಳ್ಳಿಗಳಿಂದ, ತಾಂಡ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಿಂದ ಕಾಲೇಜಿಗೆ ಹೋಗುವ ಮಕ್ಕಳಲ್ಲಿ ಹಲವರು ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಅಳುಕುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ. ಮೆಟಫರ್, ಐರನಿ, ಪ್ಯಾರಡಾಕ್ಸ್, ಬ್ಲಾಂಕ್ ವರ್ಸ್ ಎಂಬ ಪಾರಿಭಾಷಿಕ ಪದಗಳು ಮೊದಲ ದಿನವೇ ಎದುರಾಗುತ್ತವೆ. ಅರ್ಥ ತಿಳಿಯುವ ಮುನ್ನವೇ ಗೈಡಿನ ಉತ್ತರ ಬಾಯಿಪಾಠವಾಗುತ್ತದೆ. ಪರೀಕ್ಷೆ ಮುಗಿದ ಮರುದಿನ ಪದವೂ ಇಲ್ಲ, ಪದಾರ್ಥವೂ ಇಲ್ಲ. ಆದರೆ ಈ ಪದಗಳು ಹೆಸರಿಸುವ ಸಂಗತಿಗಳಲ್ಲಿ ಹೆಚ್ಚಿನವು ವಚನ ಪಠಣವಿರುವ ಮನೆಯ ಮಗುವಿಗೆ ಹೊಸವಲ್ಲ.

ಸಿಮಿಲಿ ಎಂದರೆ ಉಪಮೆ, ಮೆಟಫರ್ ಎಂದರೆ ರೂಪಕ. ಒಂದು ಮತ್ತೊಂದರ ಹಾಗಿದೆ ಎಂದರೆ ಉಪಮೆ. ಎರಡೂ ಒಂದೇ ಎಂದರೆ ರೂಪಕ. ದೇಹವನ್ನೇ ದೇವಾಲಯವಾಗಿ ಕಂಡ ಬಸವಣ್ಣನವರ ವಚನದಲ್ಲಿ ರೂಪಕವು ಒಂದು ಮಾತಿಗೆ ನಿಲ್ಲದೆ ಅಂಗಾಂಗಗಳಿಗೂ ಹಬ್ಬುತ್ತದೆ. ಇದನ್ನು ನಮ್ಮ ಲಾಕ್ಷಣಿಕರು ಸಾಂಗರೂಪಕ ಎಂದರೆ, ಇಂಗ್ಲಿಷ್ ವಿಮರ್ಶಕರು ಎಕ್ಸ್‌ಟೆಂಡೆಡ್ ಮೆಟಫರ್ ಎನ್ನುತ್ತಾರೆ. ಇನ್ನು ಸಿಂಬಲ್. ಕಣ್ಣಿಗೆ ಕಾಣುವ ವಸ್ತುವೊಂದು ಕಾಣದ ಅರ್ಥವನ್ನು ಹೊತ್ತು ನಿಂತರೆ ಅದು ಸಂಕೇತ. ಶರಣರು ಬಳಸಿದ ‘ಕುರುಹು’ ಎಂಬ ಮಾತನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ.

ಐರನಿ ಎಂಬುದು ಇಷ್ಟು ಸುಲಭವಲ್ಲ. ಅದನ್ನು ‘ವ್ಯಂಗ್ಯ’ ಎಂದು ಅನುವಾದಿಸುವುದು ರೂಢಿ. ಆದರೆ ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯವೆಂದರೆ ಸೂಚಿತವಾದ ಅರ್ಥ. 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನಿ ಎಂದು ವಿವರಿಸಿದ್ದು ಇದನ್ನೇ ಆಧರಿಸಿ. ಆಡುಮಾತಿನಲ್ಲಿಯಾದರೋ ವ್ಯಂಗ್ಯವೆಂದರೆ ಕುಹಕ. ಐರನಿ ಇವೆರಡರಿಂದಲೂ ಬೇರೆ. ಆಡಿದ ಮಾತಿಗೂ ಉದ್ದೇಶಿಸಿದ ಅರ್ಥಕ್ಕೂ, ಇಲ್ಲವೇ ನಿರೀಕ್ಷೆಗೂ ನಡೆದುದಕ್ಕೂ ಇರುವ ವಿಪರೀತವೇ ಐರನಿ. ಕಲ್ಲಿನ ನಾಗನಿಗೆ ಹಾಲೆರೆವ ಜನ ನಿಜದ ನಾಗನನ್ನು ಕಂಡಾಗ ಹೇಗೆ ನಡೆದುಕೊಳ್ಳುತ್ತಾರೆಂದು ಬಸವಣ್ಣನವರು ತೋರಿಸಿದ ಸಂದರ್ಭ ಇದಕ್ಕೆ ತಕ್ಕ ನಿದರ್ಶನ.

ಪ್ಯಾರಡಾಕ್ಸ್ ಎಂದರೆ ವಿರೋಧಾಭಾಸ: ಮೇಲುನೋಟಕ್ಕೆ ಅಸಂಗತ, ಒಳಹೊಕ್ಕರೆ ಸತ್ಯ. ಅಲ್ಲಮಪ್ರಭುಗಳ ಬೆಡಗಿನ ವಚನಗಳಲ್ಲಿ ಇಂಥವು ಹೇರಳ. ಆದರೂ ಬೆಡಗು ಮತ್ತು ಪ್ಯಾರಡಾಕ್ಸ್ ಒಂದೇ ಎಂದು ಬರೆಯಕೂಡದು. ಬೆಡಗು ಒಗಟಿನಂತೆ ಮುಚ್ಚಿಕೊಂಡಿರುತ್ತದೆ. ಅದನ್ನು ಬಿಡಿಸಲು ಟೀಕೆಗಳ ಪರಂಪರೆಯೇ ಬೆಳೆದಿದೆ.

ಛಂದಸ್ಸಿನಲ್ಲಿ ಎರಡು ಭಾಷೆಗಳ ದಾರಿಯೇ ಬೇರೆ. ಕನ್ನಡ ಛಂದಸ್ಸು ಲಘು ಗುರುಗಳ ಮಾತ್ರೆಯನ್ನು ಎಣಿಸಿದರೆ, ಇಂಗ್ಲಿಷ್ ಛಂದಸ್ಸು ಉಚ್ಚಾರಣೆಯ ಒತ್ತನ್ನು ಎಣಿಸುತ್ತದೆ. ಒತ್ತಿಲ್ಲದ ಉಚ್ಚಾರದ ಬಳಿಕ ಒತ್ತುಳ್ಳದ್ದು ಬಂದರೆ ಅಯಾಂಬ್. ಒಂದು ಸಾಲಿನಲ್ಲಿ ಅಂಥ ಐದು ಇದ್ದರೆ ಅಯಾಂಬಿಕ್ ಪೆಂಟಾಮೀಟರ್. ಅದು ಅಂತ್ಯಪ್ರಾಸವಿಲ್ಲದೆ ಸಾಗಿದರೆ ಬ್ಲಾಂಕ್ ವರ್ಸ್. ಶೇಕ್ಸ್‌ಪಿಯರನ ನಾಟಕಗಳ ಬಹುಭಾಗವೂ ಮಿಲ್ಟನ್ನನ ಮಹಾಕಾವ್ಯವೂ ಇದರಲ್ಲಿವೆ. ನಮ್ಮ ಕವಿಗಳು ಇದಕ್ಕೆ ಸಾಟಿಯಾಗಿ ಐದು ಮಾತ್ರೆಯ ಗಣಗಳ ರಗಳೆಯನ್ನು ಪ್ರಾಸದಿಂದ ಬಿಡಿಸಿ ‘ಸರಳ ರಗಳೆ’ಯನ್ನು ರೂಪಿಸಿದರು. ಹರಿಹರನು ಶಿವಶರಣರ ಚರಿತೆಗಳನ್ನು ಹಾಡಿದ್ದು ರಗಳೆಯಲ್ಲೇ ಎಂಬುದನ್ನು ನೆನೆದರೆ ಈ ಹೊಸ ರೂಪದ ಬೇರು ಎಲ್ಲಿಯದೆಂದು ತಿಳಿಯುತ್ತದೆ. ಹದಿನಾಲ್ಕು ಸಾಲಿನ ಸಾನೆಟ್ಟಿಗೆ ‘ಸುನೀತ’ ಎಂದೂ, ಎಂಟು ಮತ್ತು ಆರು ಸಾಲುಗಳ ವಿಭಾಗ ನೋಡಿ ‘ಅಷ್ಟಷಟ್ಪದಿ’ ಎಂದೂ ಹೆಸರಿಟ್ಟರು. ಓಡ್ ‘ಪ್ರಗಾಥ’ವಾಯಿತು, ಲಿರಿಕ್ ‘ಭಾವಗೀತೆ’ಯಾಯಿತು.

ಇಂಥ ಕೊಡುಕೊಳೆಗೆ ದಾರಿ ಮಾಡಿದವರಲ್ಲಿ ಪ್ರಮುಖರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದ ಬಿ.ಎಂ. ಶ್ರೀಕಂಠಯ್ಯನವರು. 1926ರಲ್ಲಿ ವಿಸ್ತರಿಸಿ ಬಂದ ‘ಇಂಗ್ಲಿಷ್ ಗೀತಗಳು’ ಹೊಸ ಕಾವ್ಯಕ್ಕೆ ನಾಂದಿಯಾಯಿತು. ಗ್ರೀಕ್ ನಾಟಕಕಾರ ಸೊಫೋಕ್ಲಿಸನ ಕೃತಿಯ ಜಾಡಿನಲ್ಲಿ ಮಹಾಭಾರತದ ವಸ್ತುವನ್ನಿಟ್ಟು ಅವರು ‘ಅಶ್ವತ್ಥಾಮನ್’ ರಚಿಸಿದರು. ಟ್ರ್ಯಾಜಿಡಿ ಎಂಬುದಕ್ಕೆ ‘ರುದ್ರನಾಟಕ’ ಎಂಬ ಹೆಸರು ಏಕೆ ಒಪ್ಪುತ್ತದೆಂದು ತಿಳಿಯಲು ಆ ಒಂದು ಕೃತಿ ಸಾಕು. ಇಂಗ್ಲಿಷನ್ನು ಆಳವಾಗಿ ಕಲಿತವರಿಗೆ ಕನ್ನಡ ದೂರವಾಗಬೇಕಿಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಇಂಗ್ಲೆಂಡಿನ ವರ್ಡ್ಸ್‌ವರ್ತ್ ಕವಿಯು ಜನರಾಡುವ ಮಾತೇ ಕಾವ್ಯದ ಭಾಷೆಯಾಗಬೇಕೆಂದು ವಾದಿಸಿದ ಪ್ರಸಿದ್ಧ ಮುನ್ನುಡಿ 1800ರದು. ಅದಕ್ಕೂ ಆರು ಶತಮಾನಗಳ ಹಿಂದೆಯೇ ಶರಣರು ಆಡುಮಾತಿನಲ್ಲಿ ಅನುಭಾವವನ್ನು ನುಡಿದಿದ್ದರು. ಹಿರಿಮೆ ಕೊಚ್ಚಿಕೊಳ್ಳಲು ಈ ಮಾತನ್ನು ಹೇಳುತ್ತಿಲ್ಲ. ಪೊಯೆಟಿಕ್ ಡಿಕ್ಷನ್, ಅಂದರೆ ಕಾವ್ಯದ ಪದಸರಣಿ, ಎಂಬ ಪಾಠ ಬಂದಾಗ ನಮ್ಮ ಮಗಳು ತಲೆ ತಗ್ಗಿಸದೆ ಎರಡು ಮಾತಾಡಬಲ್ಲಳು ಎಂಬುದಕ್ಕಾಗಿ ಹೇಳುತ್ತಿದ್ದೇವೆ.

ಭಾಷಾಂತರದ ವಿಷಯದಲ್ಲಂತೂ ಅವಳ ಮಾತಿಗೆ ಹೆಚ್ಚಿನ ಬೆಲೆಯುಂಟು. 1940ರಲ್ಲಿ ಶಿ.ಶಿ. ಬಸವನಾಳರು ಕೆ.ಆರ್. ಶ್ರೀನಿವಾಸ ಅಯ್ಯಂಗಾರರೊಡಗೂಡಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಇಂಗ್ಲಿಷ್ ಸಾಹಿತ್ಯ ಓದಿದ ಎ.ಕೆ. ರಾಮಾನುಜನ್ನರ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೂಡಲಸಂಗಮದೇವ ಎಂಬ ಅಂಕಿತವು ಹೆಸರಾಗಿ ಉಳಿಯದೆ, ‘ಕೂಡುವ ಹೊಳೆಗಳ ಒಡೆಯ’ ಎಂಬ ಅರ್ಥವಾಗಿ ಇಂಗ್ಲಿಷಿಗೆ ಬಂದಿದೆ. ಕಪಿಲೆಯು ಕಾವೇರಿಯನ್ನು ಕೂಡುವುದನ್ನು ತಿರುಮಕೂಡಲಿನಲ್ಲಿ ಕಂಡ ಮಗುವಿಗೆ ‘ಕೂಡಲು’ ಎಂಬುದನ್ನು ನಿಘಂಟು ನೋಡಿ ತಿಳಿಯಬೇಕಾಗಿಲ್ಲ. ಅರ್ಥ ದೊರೆತ ಕಡೆ, ಇಷ್ಟದೈವವನ್ನು ಹೆಸರಿಟ್ಟು ಕರೆಯುವ ಸಲಿಗೆ ಉಳಿಯಿತೇ? ಇಂಗ್ಲಿಷನ್ನು ಮಾತ್ರ ಬಲ್ಲವರಿಗೆ ಈ ಪ್ರಶ್ನೆ ಹೊಳೆಯದು. ವಚನವನ್ನು ಮಾತ್ರ ಬಲ್ಲವರು ಇದನ್ನು ಲೋಕದ ಮುಂದೆ ಇಡಲಾರರು. ಎರಡನ್ನೂ ಬಲ್ಲವರು ನಮ್ಮ ಮನೆಗಳಿಂದಲೇ ಬರಬೇಕು.

ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಒಂದೊಂದು ಪಾರಿಭಾಷಿಕ ಪದ ಬರೆಯಿರಿ. ಅದರ ಕೆಳಗೆ ಕನ್ನಡದ ಸಮಾನ ಪದ, ಪಠ್ಯದಿಂದ ಒಂದು ಉದಾಹರಣೆ, ವಚನದಿಂದ ಒಂದು ಉದಾಹರಣೆ, ಕೊನೆಗೆ ಎರಡಕ್ಕೂ ಇರುವ ವ್ಯತ್ಯಾಸ. ಈ ಕೊನೆಯ ಸಾಲನ್ನು ಎಂದಿಗೂ ಬಿಡಬೇಡಿ. ಸಾಮ್ಯ ಕಾಣುವುದು ಸುಲಭ, ವ್ಯತ್ಯಾಸ ಅರಿಯುವುದೇ ವಿದ್ಯೆ. ಪರೀಕ್ಷೆಯಲ್ಲಿ ಇಂಗ್ಲಿಷ್ ಪದವನ್ನೇ ಬರೆಯಬೇಕಾದ್ದರಿಂದ ಅದರ ಕಾಗುಣಿತವನ್ನೂ ಉಚ್ಚಾರಣೆಯನ್ನೂ ತಿದ್ದಿಕೊಳ್ಳಿ.

ತಾಯ್ತಂದೆಯರಲ್ಲಿಯೂ ಒಂದು ಬಿನ್ನಹ. ‘ನಮಗೆ ಇಂಗ್ಲಿಷ್ ಬಾರದು, ನಿನ್ನ ಓದಿಗೆ ನಾವೇನು ಮಾಡಬಲ್ಲೆವು’ ಎಂದು ಕೈಚೆಲ್ಲಬೇಡಿ. ಸಂಜೆ ಪೂಜೆಯ ಬಳಿಕ ಅಜ್ಜಿ ಒಂದು ವಚನ ಹೇಳಲಿ. ಅದರಲ್ಲಿರುವುದು ಉಪಮೆಯೋ ರೂಪಕವೋ ವಿರೋಧಾಭಾಸವೋ ಎಂಬುದನ್ನು ಮೊಮ್ಮಗಳು ಗುರುತಿಸಿ, ಇಂಗ್ಲಿಷಿನ ಹೆಸರನ್ನು ಅಜ್ಜಿಗೆ ತಿಳಿಸಲಿ. ಅಜ್ಜಿಯ ಅರಿವಿಗೆ ಮೊಮ್ಮಗಳ ಓದು ಜೊತೆಯಾದರೆ ಇಂಗ್ಲಿಷ್ ಪುಸ್ತಕದ ಭಯ ತಾನಾಗಿ ಕರಗುತ್ತದೆ.