ಮನೆ ಹತ್ತಿರದ ಪ್ರವಾಸ

ಡಿಸೆಂಬರ್ ಹತ್ತಿರವಾದಂತೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮೈಸೂರು, ಹಂಪೆ, ಗೋವಾ ಎಂದು ಪಟ್ಟಿ ಬೆಳೆಯುತ್ತದೆ. ಬೇಡವೆನ್ನಲಾರೆ. ಆದರೆ ಜೋಗವನ್ನು ನಾಲ್ಕು ಸಲ ನೋಡಿದ ಶಿವಮೊಗ್ಗದ ಎಷ್ಟೋ ಮಕ್ಕಳು ಹೊಳೆಹೊನ್ನೂರಿನ ಹತ್ತಿರವೇ ಇರುವ ಕೂಡಲಿಯನ್ನು ಒಮ್ಮೆಯೂ ನೋಡಿರುವುದಿಲ್ಲ. ಹದಿನೈದು ಕಿಲೋಮೀಟರಿನ ಆಸುಪಾಸಿನ ಹಾದಿ, ಅಷ್ಟೆ.

ತುಂಗೆ, ಭದ್ರೆ ಎರಡೂ ಹುಟ್ಟುವುದು ಗಂಗಾಮೂಲದಲ್ಲಿ. ಒಬ್ಬಳು ಶೃಂಗೇರಿ, ತೀರ್ಥಹಳ್ಳಿಯ ದಾರಿ ಹಿಡಿದರೆ ಇನ್ನೊಬ್ಬಳು ಕಳಸ, ಬಾಳೆಹೊನ್ನೂರು ಸುತ್ತಿ ಭದ್ರಾವತಿಗೆ ಬರುತ್ತಾಳೆ. ಕೂಡಲಿಯಲ್ಲಿ ಇಬ್ಬರೂ ಸೇರಿ ತುಂಗಭದ್ರೆ. ಮಳೆಗಾಲದ ಮೊದಲ ವಾರಗಳಲ್ಲಿ ಸಾಮಾನ್ಯವಾಗಿ ತುಂಗೆ ಕೆಂಪಗೆ ತುಂಬಿ ಬರುತ್ತಾಳೆ, ಭದ್ರೆ ಮಾತ್ರ ಸುಮ್ಮನಿರುತ್ತಾಳೆ. ಏಕೆಂದು ಮಕ್ಕಳನ್ನೇ ಕೇಳಿ. ಗಾಜನೂರಿನ ಅಣೆಕಟ್ಟು ಹಿಡಿಯುವುದು ಮೂರು ಚಿಲ್ಲರೆ ಟಿ.ಎಂ.ಸಿ. ನೀರು, ಲಕ್ಕವಳ್ಳಿಯ ಭದ್ರಾ ಜಲಾಶಯದ್ದು 71 ಟಿ.ಎಂ.ಸಿ.ಗೂ ಹೆಚ್ಚು. ಸಣ್ಣ ಪಾತ್ರೆ ಬೇಗ ತುಂಬಿ ಉಕ್ಕುತ್ತದೆ. (ಹೊಳೆ ತುಂಬಿದ್ದಾಗ ದಡದಿಂದಲೇ ನೋಡಿ, ನೀರಿಗಿಳಿಯುವ ಸಾಹಸ ಬೇಡ.)

ಭದ್ರಾವತಿಯ ಹಳೆಯ ಊರಿನಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ, 13ನೇ ಶತಮಾನದ್ದು. ಮೂರು ಗರ್ಭಗುಡಿ. ಕಲ್ಲು ಯಾವುದು ಗೊತ್ತೇ? ನಾವು ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದ ಜಾತಿಯದು. ಅದರಲ್ಲಿ ಹೆಚ್ಚಾಗಿರುವ ಟಾಲ್ಕ್ ಎಂಬ ಖನಿಜ, ಗಡಸುತನದ ಹತ್ತು ಮೆಟ್ಟಿಲುಗಳಲ್ಲಿ ಮೊದಲನೆಯದು. ಉಗುರಿಗೂ ಗೀರು ಬೀಳುತ್ತದೆ. ಶಿಲ್ಪಿ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಆದದ್ದು ಈ ಮೆದುತನದಿಂದಲೇ. ಇಂಥ ಗುಡಿಗಳ ಗೋಡೆಯ ಮೇಲೆ ಬೀಗದ ಕೈಯಿಂದ ತಮ್ಮ ಹೆಸರು ಕೆತ್ತಿ ಹೋಗುವ ಪುಣ್ಯಾತ್ಮರಿಗೂ ಅದೇ ಅನುಕೂಲ! ಏಳುನೂರು ವರ್ಷ ಮಳೆಗಾಳಿಗೆ ಜಗ್ಗದ ಮೂಗು ಅರ್ಧ ನಿಮಿಷದಲ್ಲಿ ಹೋಗುತ್ತದೆ.

ಇನ್ನು ಕಬ್ಬಿಣದ ಕಾರ್ಖಾನೆ. ಬೆಂಕಿಪುರವೆಂದು ಕರೆಯುತ್ತಿದ್ದ ಊರಿನಲ್ಲಿ 1918ರಲ್ಲಿ ಆರಂಭವಾದ ಕೆಲಸ, 1923ರಲ್ಲಿ ಬೀಡುಕಬ್ಬಿಣ ಹೊರಬಂತು. ಹಿಂದೆ ನಿಂತವರು ವಿಶ್ವೇಶ್ವರಯ್ಯನವರು. ಅದಿರು ಕೆಮ್ಮಣ್ಣುಗುಂಡಿಯಿಂದ ಹಗ್ಗದ ದಾರಿಯಲ್ಲಿ ತೂಗಾಡುತ್ತ ಇಳಿಯುತ್ತಿತ್ತು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಸೌದೆಯನ್ನೇ ಇದ್ದಿಲು ಮಾಡಿದರು. ಗಾಳಿಯಾಡದಂತೆ ಸೌದೆ ಕಾಯಿಸಿದರೆ ಇದ್ದಿಲಿನ ಜತೆಗೆ ಮಿಥೈಲ್ ಆಲ್ಕೋಹಾಲ್, ಟಾರು ಸಿಗುತ್ತವೆ. ಇಲ್ಲಿ ಅದಕ್ಕೂ ಘಟಕವಿತ್ತು. ಪಠ್ಯಪುಸ್ತಕದ ಒಂದು ಇಡೀ ಅಧ್ಯಾಯವೇ ಊರೊಳಗೆ ನಡೆಯುತ್ತಿತ್ತು. ಕಾಡು ಇದಕ್ಕೆ ತೆತ್ತ ಬೆಲೆಯನ್ನೂ ಮಕ್ಕಳಿಗೆ ಹೇಳಲೇಬೇಕು, ಮೆಚ್ಚುಗೆಯೊಂದೇ ಇತಿಹಾಸವಲ್ಲ. ಮುಂದೆ ಜೋಗದ ವಿದ್ಯುತ್ತಿನಿಂದ ಉರಿಯುವ ಕುಲುಮೆಗಳೂ ಬಂದವು.

2023ರ ಜನವರಿಯಲ್ಲಿ ಈ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಹೋರಾಡಿದರು, ಅದೇ ವರ್ಷ ಸ್ವಲ್ಪಮಟ್ಟಿಗೆ ಕೆಲಸ ಮತ್ತೆ ಶುರುವಾಯಿತು. ಗುಡಿಯ ಕಲ್ಲಿಗಾದರೂ ಕಾಯುವವರಿದ್ದಾರೆ. ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತವರ ತಿಳಿವಳಿಕೆ ಯಾವ ವಸ್ತು ಸಂಗ್ರಹಾಲಯದಲ್ಲೂ ಇಲ್ಲ, ಭದ್ರಾವತಿಯ ಮನೆಗಳ ಜಗಲಿಯ ಮೇಲಿದೆ. ಆ ತಲೆಮಾರಿಗೆ ವಯಸ್ಸಾಗುತ್ತಿದೆ. ಈ ರಜೆಯಲ್ಲಿ ಮಕ್ಕಳನ್ನು ಅಂಥ ಅಜ್ಜನೊಬ್ಬರ ಬಳಿ ನೋಟ್‌ಬುಕ್ಕಿನೊಂದಿಗೆ ಕೂರಿಸಿ. ಮೊದಲ ಪ್ರಶ್ನೆ ನಾನೇ ಕೊಡುತ್ತೇನೆ: ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಅದರ ಕಾವನ್ನು ಹೇಗೆ ಅಂದಾಜು ಮಾಡುತ್ತಿದ್ದಿರಿ, ಅಜ್ಜ?